ಆಯುಧ, ಮಳೆ ಮತ್ತು ತುಕ್ಕು: ಕೊಡಗಿನ ಲೋಹರಕ್ಷಣೆಯ ಜಾನಪದ ನೆಲೆ

ಕೊಡಗಿನ ಆಯುಧಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಶೌರ್ಯದ ಚರಿತ್ರೆಯಾಗಿಯೇ ಉಳಿದಿವೆ. ಆಯುಧವನ್ನು ಹಿಡಿದ ಕೈಗಳಂತೆ ಅದನ್ನು ಕೆಡದಂತೆ ಕಾಯ್ದ ಕೈಗಳೂ ಚರಿತ್ರೆಗೆ ಸೇರಿದವು ಎಂಬ ಅಂಶ ಹೆಚ್ಚು ಚರ್ಚೆಗೆ ಬಂದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿ ಪರಿಸರದಲ್ಲಿ ಕಬ್ಬಿಣದ ನಿತ್ಯಶತ್ರು ತುಕ್ಕು.

ಕೊಡವರ ಆಯುಧಗಳಲ್ಲಿ ಒಡಿಕತ್ತಿ, ಪೀಚೆಕತ್ತಿ ಮತ್ತು ತೋಕ್ ಮುಖ್ಯವಾದವು. ಅಗಲ ಅಲಗಿನ ಒಡಿಕತ್ತಿಗೆ ಒರೆಯಿಲ್ಲ. ಬೆನ್ನಿನ ಹಿಂದೆ ಹಿತ್ತಾಳೆಯ ‘ತೊಡಂಗ್’ ಎಂಬ ಕೊಕ್ಕೆಯಲ್ಲಿ ಅದು ತೂಗುತ್ತದೆ. ಕಬ್ಬಿಣವೂ ಹಿತ್ತಾಳೆಯೂ ತೇವದಲ್ಲಿ ತಾಗಿಕೊಂಡಿದ್ದರೆ ಕಬ್ಬಿಣವೇ ಬೇಗ ಸವೆಯುತ್ತದೆ. ಪೀಚೆಕತ್ತಿಯ ಬೆಳ್ಳಿಯಾದರೋ ತುಕ್ಕು ಹಿಡಿಯದು, ಗಂಧಕದ ಅಂಶ ತಗುಲಿ ಕಪ್ಪಾಗುತ್ತದೆ. ಹಿತ್ತಾಳೆಯನ್ನು ಬೆಳಗುವ ಹುಣಸೆಹುಳಿ ಕಬ್ಬಿಣದ ಮೇಲೆ ಉಳಿದರೆ ಅದನ್ನೇ ತಿನ್ನುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ಆರೈಕೆ ಬೇಕೆಂಬುದು ಮನೆವಾರ್ತೆಯ ಅನುಭವಜ್ಞಾನ. ಕೊಡಗಿನ ಕಮ್ಮಾರಿಕೆ, ಬಡಗಿತನಗಳನ್ನು ಕುಲವೃತ್ತಿಯಾಗಿ ನಡೆಸಿದ ಐರಿ ಸಮುದಾಯವನ್ನು ಬಿಟ್ಟು ಈ ಚರಿತ್ರೆ ಪೂರ್ಣವಾಗದು.

ಸೆಪ್ಟೆಂಬರ್ ಆರಂಭದಲ್ಲಿ, ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬ. ಅಂದು ಐನ್‌ಮನೆಯ ಆಯುಧಗಳನ್ನು ಶುಚಿಗೊಳಿಸಿ, ಕನ್ನಿಕೋಂಬರೆಯಲ್ಲಿಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವರ ಹಬ್ಬ, ಆಚರಣೆ, ಹಾಡುಗಳನ್ನು ದಾಖಲಿಸಿದ ಆಕರಗ್ರಂಥ. ಹಬ್ಬದ ಉದ್ದೇಶವೇ ತುಕ್ಕಿನ ನಿವಾರಣೆ ಎಂದು ಹೇಳುವುದು ಅತಿಸರಳೀಕರಣವಾದೀತು. ಆದರೆ ಮುಂಗಾರಿನ ಬಿರುಸು ಕಳೆಯುತ್ತ ಬಂದ ಹೊತ್ತಿಗೆ ಮನೆಯ ಪ್ರತಿಯೊಂದು ಅಲಗನ್ನೂ ನಳಿಗೆಯನ್ನೂ ಕೈಗೆತ್ತಿಕೊಂಡು ಪರೀಕ್ಷಿಸುವಂತೆ ಮಾಡಿದ್ದು ಈ ಆಚರಣೆಯೇ ಎಂಬುದು ಗಮನಾರ್ಹ.

ಇದರ ಹಿಂದಿರುವ ತತ್ತ್ವ ಇಂದಿನ ಲೋಹಶಾಸ್ತ್ರಕ್ಕೂ ಹೊರತಲ್ಲ. ಕಬ್ಬಿಣದ ಕೆಂಪು ತುಕ್ಕು ಸಡಿಲವಾದ ಪದರ; ಒಳಗಿನ ಲೋಹವನ್ನು ಅದು ಕಾಯದು. ಬಂದೂಕಿನ ನಳಿಗೆಗೆ ಕೊಡುವ ನೀಲಿಗಪ್ಪು ಲೇಪ ಬಿಗಿಯಾಗಿ ಅಂಟಿ, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಗುರವೆಂದು ವಿಮಾನಗಳಲ್ಲಿ ಬಳಸುವ ಮೆಗ್ನೀಸಿಯಂ ಮಿಶ್ರಲೋಹದ ಸಮಸ್ಯೆಯೂ ಇದೇ ಬಗೆಯದು. ಅದರ ಸಹಜ ಆಕ್ಸೈಡ್ ಪದರ ರಂಧ್ರಮಯ. ಬೇರೆ ಲೋಹ ತಾಗಿದ್ದು ತೇವವಿದ್ದರೆ ಅದು ಕಬ್ಬಿಣಕ್ಕಿಂತಲೂ ಬೇಗ ಕರಗುತ್ತದೆ. ಆದ್ದರಿಂದ ಅದಕ್ಕೆ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಗಟ್ಟಿ ಪದರ ಬೆಳೆಸಿ, ಮೇಲೆ ಬಣ್ಣ ಬಳಿಯುತ್ತಾರೆ. ಲೋಹಕ್ಕೂ ತೇವಕ್ಕೂ ನಡುವೆ ತಡೆಯೊಂದನ್ನು ನಿಲ್ಲಿಸುವುದೇ ಎರಡರ ಗುರಿ. ಎಣ್ಣೆಯ ತಡೆ ಒರೆಸಿದರೆ ಹೋಗುತ್ತದೆ. ಆದುದರಿಂದಲೇ ಅದಕ್ಕೆ ಮತ್ತೆ ಮತ್ತೆ ಕೈ ತಾಗಬೇಕು.

ಬ್ರಿಟಿಷರ ಆಳ್ವಿಕೆಯಲ್ಲಿ 1861ರಲ್ಲಿ ದೊರೆತ ಆಯುಧ ವಿನಾಯಿತಿ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಕಾನೂನು ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಡಬಲ್ಲದು, ಅದನ್ನು ಕಾಯುವ ಅರಿವನ್ನು ಕೊಡಲಾರದು. ಐನ್‌ಮನೆಯ ಬಾಗಿಲು ವರ್ಷದ ಬಹುದಿನ ಮುಚ್ಚಿದ್ದರೆ ತುಕ್ಕು ಹಬ್ಬದವರೆಗೆ ಕಾಯದು. ಒರಟು ಕಾಗದದಿಂದ ಉಜ್ಜಿ ಹೊಳಪು ತಂದರೆ ತುಕ್ಕಿನೊಡನೆ ಅಲಗಿನ ಮೇಲಿನ ಕಮ್ಮಾರನ ಗುರುತೂ ಅಳಿಯುತ್ತದೆ. ಕತ್ತಿ, ಕೋವಿಗಳ ಪಟ್ಟಿ ಮಾಡುವ ಸಂಶೋಧನೆ ಅವುಗಳ ಆರೈಕೆಯ ಕ್ರಮವನ್ನೂ ಹಿರಿಯರಿಂದ ಕೇಳಿ ದಾಖಲಿಸಬೇಕಾಗಿದೆ. ವಸ್ತು ಉಳಿದು ಅರಿವು ಅಳಿದರೆ, ಮಳೆನಾಡಿನಲ್ಲಿ ವಸ್ತುವೂ ಹೆಚ್ಚು ಕಾಲ ಉಳಿಯದು.