ಕೀಲೆಣ್ಣೆಯಿಂದ ಇಂಜಿನ್ ಎಣ್ಣೆಯವರೆಗೆ

"ಹಳೇ ಇಂಜಿನ್ನಿಗೆ ಮಂದ ಎಣ್ಣೆ" ಎಂಬುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅನೇಕ ಗ್ಯಾರೇಜುಗಳಲ್ಲಿ ಇಂದಿಗೂ ವೇದವಾಕ್ಯ. ಲಕ್ಷ ಕಿಲೋಮೀಟರು ದಾಟಿದ ಕಾರನ್ನು ಒಯ್ದು ನಿಲ್ಲಿಸಿದರೆ ಸಾಕು, ತಯಾರಕರ ಕೈಪಿಡಿಯಲ್ಲಿ ಏನೇ ಬರೆದಿರಲಿ, ಮಿಸ್ತ್ರಿಯ ಕೈ 20ಡಬ್ಲ್ಯು-50ರ ಡಬ್ಬಿಯತ್ತ ಹೋಗುತ್ತದೆ. ಈ ನಂಬಿಕೆ ಹುಟ್ಟಿದ್ದು ಎಲ್ಲಿ, ಅದರಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಅರಿಯಲು ಇತಿಹಾಸವನ್ನು ತುಸು ತಿರುವಿ ನೋಡಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಎಣ್ಣೆಯ ಮಂದತೆಯ ವಿವೇಕವು ಚಕ್ಕಡಿಯಷ್ಟೇ ಹಳೆಯದು. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ, ಗಾಲಿ ಕಳಚಿ ಅಚ್ಚಿಗೆ ಬಳಿಯುತ್ತಿದ್ದರು. ಬರಿಯ ಎಣ್ಣೆಯಾದರೆ ಎರಡು ಹರದಾರಿ ಹೋಗುವಷ್ಟರಲ್ಲಿ ಸೋರಿ ನೆಲದ ಪಾಲಾಗುತ್ತಿತ್ತು. ಅಚ್ಚು ಸವೆದು ಗಾಲಿಯ ಸಂದು ಹಿಗ್ಗಿದಷ್ಟೂ ಕರಿಯ ಪ್ರಮಾಣ ಹೆಚ್ಚಬೇಕು. ಇದು ಯಾವ ಪುಸ್ತಕದಲ್ಲಿಯೂ ಇಲ್ಲದ, ಆದರೆ ಪ್ರತಿಯೊಬ್ಬ ರೈತನೂ ಬಲ್ಲ ಶಾಸ್ತ್ರವಾಗಿತ್ತು.

ಸ್ವಾರಸ್ಯವೆಂದರೆ, ಮೋಟಾರು ಯುಗವೂ ಇದೇ ಔಡಲನ್ನು ಆಶ್ರಯಿಸಿತು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಎಣ್ಣೆಯ ಕಂಪನಿಯು ಖನಿಜ ತೈಲಕ್ಕೆ ಔಡಲೆಣ್ಣೆ ಬೆರೆಸಿ ಮಾರಿತು. 1909ರಲ್ಲಿ ಅದಕ್ಕಿಟ್ಟ 'ಕ್ಯಾಸ್ಟ್ರಾಲ್' ಎಂಬ ಹೆಸರು ಔಡಲಿನ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್'ನಿಂದಲೇ ಬಂದದ್ದು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ನುಗಳು ಔಡಲೆಣ್ಣೆಯಿಂದಲೇ ತಿರುಗಿದವು. ನಮ್ಮ ಹೊಲದ ಬದುವಿನ ಗಿಡಕ್ಕೆ ಅಷ್ಟು ದೊಡ್ಡ ಚರಿತ್ರೆಯಿದೆಯೆಂದು ಹೇಳಿದಾಗ ತರಗತಿಯಲ್ಲಿ ಮಕ್ಕಳು ನಂಬುತ್ತಿರಲಿಲ್ಲ.

ಅಮೆರಿಕದ ಮೋಟಾರು ಇಂಜಿನಿಯರರ ಸಂಘವಾದ ಎಸ್.ಎ.ಇ. 1911ರಲ್ಲಿ ಎಣ್ಣೆಯ ಸ್ನಿಗ್ಧತೆಯನ್ನು ಅಂಕಿಗಳಲ್ಲಿ ವರ್ಗೀಕರಿಸಿತು. 30, 40, 50 ಎಂಬ ದರ್ಜೆಗಳಿಗೆ ಇಂದು ನಿಖರವಾದ ಅರ್ಥವಿದೆ. ಇಂಜಿನ್ ಕಾದಾಗಿನ ಸ್ಥಿತಿಗೆ ಸಮೀಪವಾದ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್‌ವರೆಗೆ, 40ರದ್ದು 12.5ರಿಂದ 16.3ರವರೆಗೆ, 50ರದ್ದು 16.3ರಿಂದ 21.9ರವರೆಗೆ. ಎಣ್ಣೆಯ ಸ್ವಭಾವವೇ ವಿಚಿತ್ರ: 40 ಡಿಗ್ರಿಯಿಂದ 100 ಡಿಗ್ರಿಗೆ ಕಾಯುವಷ್ಟರಲ್ಲಿ ಅದು ಎಂಟು-ಒಂಬತ್ತು ಪಟ್ಟು ತೆಳುವಾಗುತ್ತದೆ. ಆದ್ದರಿಂದ ಒಂದೇ ದರ್ಜೆಯ ಎಣ್ಣೆಯಿದ್ದ ಕಾಲದಲ್ಲಿ ಚಳಿಗೊಂದು, ಬೇಸಿಗೆಗೊಂದು ಎಣ್ಣೆ ಬೇಕಾಗುತ್ತಿತ್ತು. ಬಿಸಿಯಾದಂತೆ ಅರಳುವ ಪಾಲಿಮರುಗಳನ್ನು ಬೆರೆಸಿದ ಬಹುದರ್ಜೆಯ ಎಣ್ಣೆಗಳು 1950ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. 20ಡಬ್ಲ್ಯು-40 ಎಂಬಲ್ಲಿ 'ಡಬ್ಲ್ಯು' ಅಕ್ಷರವು ಇಂಗ್ಲಿಷಿನ 'ವಿಂಟರ್', ಅಂದರೆ ಚಳಿಗಾಲವನ್ನು ಸೂಚಿಸುತ್ತದೆ. 20ಡಬ್ಲ್ಯು ದರ್ಜೆಯ ಎಣ್ಣೆಯನ್ನು ಇಂಜಿನ್ ತಿರುಗಿಸುವ ಪರೀಕ್ಷೆಗೆ ಒಡ್ಡುವುದು ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. ಅಂಥ ಚಳಿ ಹಾವೇರಿಗೆ ಬಂದರೆ ಏಲಕ್ಕಿ ಹಾರ ಕಟ್ಟುವವರು ಕಂಬಳಿ ಹೊದ್ದು ಮಲಗಬೇಕಾದೀತು!

ನಮ್ಮಲ್ಲಿ ಮಂದ ಎಣ್ಣೆಯ ನಂಬಿಕೆಯನ್ನು ಗಟ್ಟಿಗೊಳಿಸಿದ್ದು ಅಂಬಾಸಿಡರ್ ಕಾರು. 1957ರಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿ 2014ರಲ್ಲಿ ನಿಂತುಹೋದ ಈ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಸಂತಾನ. ಅದರ 1489 ಸಿಸಿ ಇಂಜಿನ್ ಒರಟು, ಸಂದುಗಳು ಉದಾರ. ಪೂನಾ-ಬೆಂಗಳೂರು ರಸ್ತೆಯಲ್ಲಿ, ನಮ್ಮೆಲ್ಲರ ಬಾಯಲ್ಲಿ ಪಿ.ಬಿ. ರೋಡಿನಲ್ಲಿ, ಮದುವೆಯ ದಿಬ್ಬಣಕ್ಕೂ ಹೆರಿಗೆಯ ಹೆಣ್ಣುಮಗಳಿಗೂ ಬಾಡಿಗೆಗೆ ಸಿಗುತ್ತಿದ್ದುದು ಹೆಚ್ಚಾಗಿ ಅದೇ. ಹತ್ತು ಜನ, ಮೇಲೆ ಗಂಟುಮೂಟೆ, ಬೇಸಿಗೆಯ ಧೂಳು. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಷೆಲ್ ರಾಷ್ಟ್ರೀಕರಣಗೊಂಡು ಪೆಟ್ರೋಲ್ ಬಂಕುಗಳ ಬೋರ್ಡು ಬದಲಾದವು, ಅಂಬಾಸಿಡರಿನ ಹೊಟ್ಟೆಗೆ ಬೀಳುವ ಎಣ್ಣೆ ಬದಲಾಗಲಿಲ್ಲ. ಇಂಜಿನ್ ಸವೆದಾಗ 'ಬೋರ್' ಮಾಡಿಸಲು ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯಬೇಕು. ಅಷ್ಟು ದಿನ ಬಾಡಿಗೆ ನಿಂತರೆ ಮನೆಯ ಒಲೆಯೂ ನಿಂತಂತೆ. ಹಾಗಾಗಿ ಎಣ್ಣೆಯನ್ನು ಒಂದು ದರ್ಜೆ ಮಂದ ಮಾಡಿ ಇನ್ನೊಂದು ಹಂಗಾಮು ದೂಡುವುದು ಬಡ ಚಾಲಕನ ಪಾಲಿಗೆ ನ್ಯಾಯವಾದ ಉಪಾಯವೇ ಆಗಿತ್ತು. ಸುಟ್ಟು ಕಪ್ಪಾದ ಎಣ್ಣೆಯೂ ವ್ಯರ್ಥವಾಗುತ್ತಿರಲಿಲ್ಲ. ಗೆದ್ದಲು ಹತ್ತದಿರಲೆಂದು ಬಾಗಿಲ ಚೌಕಟ್ಟಿಗೆ, ಕೊನೆಗೆ ಮರಳಿ ಚಕ್ಕಡಿಯ ಅಚ್ಚಿಗೆ.

ಆ ಕಾಲದ ಹಿರಿಯ ಮಿಸ್ತ್ರಿಯೊಬ್ಬರು ನನಗೆ ಹೇಳಿದ್ದುಂಟು: "ಸರ, ವಯಸ್ಸಾದ ಮನಿಷ್ಯಾಗ ಹಾಸಿಗಿ ದಪ್ಪ ಬೇಕು, ವಯಸ್ಸಾದ ಇಂಜನ್ನಿಗೆ ಎಣ್ಣಿ ದಪ್ಪ ಬೇಕ್ರಿ." ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಬೇರಿಂಗಿನ ಸಂದು ಹಿಗ್ಗಿದಾಗ ತೆಳು ಎಣ್ಣೆ ಬೇಗ ಜಾರಿ ಹೋಗಿ ಒತ್ತಡ ಕುಸಿಯುತ್ತದೆ. ಬಿಸಿ ಇಂಜಿನ್ ಮಂದಗತಿಯಲ್ಲಿದ್ದಾಗ ಎಣ್ಣೆಯ ಕೆಂಪು ದೀಪ ಮಿಣುಕುತ್ತದೆ. ಮಂದ ಎಣ್ಣೆ ಆ ಒತ್ತಡವನ್ನು ಕೆಲಮಟ್ಟಿಗೆ ಮರಳಿ ತರುತ್ತದೆ.

ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಂದಿನಿಂದ ಇಂಜಿನ್ನಿನ ಜಾತಿಯೇ ಬದಲಾಯಿತು. ಅಂಬಾಸಿಡರಿನಲ್ಲಿ ಕೆಳಗಿದ್ದ ಕ್ಯಾಮ್ ದಂಡವು ಇದರಲ್ಲಿ ತಲೆಯ ಮೇಲೆ ಏರಿ ಕುಳಿತಿತು. ಬೆಳಗಿನ ಮೊದಲ ಚಾಲನೆಯಲ್ಲಿ ಎಣ್ಣೆ ಅಷ್ಟು ಮೇಲಕ್ಕೆ ಬೇಗ ತಲುಪಬೇಕು. ಮುಂದೆ ಬಂದ ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಕವಾಟಗಳ ಕಾಲ ಹೊಂದಿಸುವ ಸೂಕ್ಷ್ಮ ಸಾಧನಗಳು, ಕೂದಲೆಳೆಯಂಥ ಮಾರ್ಗಗಳು ಸೇರಿಕೊಂಡವು. ಎಸ್.ಎ.ಇ. ಪಟ್ಟಿಗೆ 2013ರಲ್ಲಿ 16 ಎಂಬ ಇನ್ನೂ ತೆಳುವಾದ ದರ್ಜೆಯೂ ಸೇರಿತು. 0ಡಬ್ಲ್ಯು-20ಕ್ಕಾಗಿ ನಿರ್ಮಿಸಿದ ಇಂಜಿನ್ನಿಗೆ 20ಡಬ್ಲ್ಯು-50 ಸುರಿಯುವುದು ಕೈಗಡಿಯಾರಕ್ಕೆ ಕೀಲೆಣ್ಣೆ ಬಳಿದಂತೆಯೇ ಸರಿ. ನಮ್ಮ ಊರಿನ ಹವೆಗೆ ಮೊದಲ ಅಂಕಿ ಅನಾವಶ್ಯಕವೆಂಬ ವಾದವೂ ಅರ್ಧಸತ್ಯ. ಡಿಸೆಂಬರಿನ ಮುಂಜಾವಿನಲ್ಲಿಯೂ 5ಡಬ್ಲ್ಯು ಎಣ್ಣೆಯು 20ಡಬ್ಲ್ಯುಗಿಂತ ಬೇಗ ಹರಿಯುತ್ತದೆ.

ಬ್ಯಾಡಗಿಯ ಹತ್ತಿರದ ಹಳ್ಳಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೆಣಸಿನಕಾಯಿ ಮಾರಿ ಬಂದ ಹಣದಲ್ಲಿ ಎರಡು ಲಕ್ಷ ಕಿಲೋಮೀಟರಿನ ಸಮೀಪ ಓಡಿದ ಕಾರೊಂದನ್ನು ಕೊಂಡನು. ಕೊಳ್ಳುವಾಗ ಅದು ಬೆಕ್ಕಿನಂತೆ ಮೆತ್ತಗೆ ಗುರುಗುಟ್ಟುತ್ತಿತ್ತು. ಕೈಪಿಡಿಯಲ್ಲಿದ್ದ 5ಡಬ್ಲ್ಯು-30 ಹಾಕಿಸಿದ ವಾರದಲ್ಲಿಯೇ ನೀಲಿ ಹೊಗೆ, ಟಕಟಕ ಸದ್ದು. ತೆಳು ಎಣ್ಣೆ ಕಾರನ್ನು ಕೆಡಿಸಿತೆಂದು ಅವನು ತಿಳಿದನು. ನಿಜವಾಗಿ, ಮಾರಿದವನು ಹಾಕಿದ್ದ ಮಂದ ಎಣ್ಣೆ ಸವೆತವನ್ನು ಮುಚ್ಚಿಟ್ಟಿತ್ತು. ಹಳೆಯ ಕಾರು ಕೊಳ್ಳುವ ಬಡವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ.

ಹೊಗೆ ಬರುವ ಹೊತ್ತನ್ನು ಗಮನಿಸಲು ಅವನಿಗೆ ಹೇಳಿದೆ. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಚಾಲೂ ಆದೊಡನೆ ಮಾತ್ರ ನೀಲಿ ಹೊಗೆ ಬಿಟ್ಟರೆ ಕವಾಟದ ಸೀಲುಗಳು ಸೆಡೆತುಕೊಂಡಿವೆಯೆಂದು ಸಂಶಯಿಸಬೇಕು. ಏರಿನಲ್ಲಿ ಎಳೆಯುವಾಗಲೂ ಬಂದರೆ ಪಿಸ್ಟನ್ನಿನ ರಿಂಗುಗಳತ್ತ ನೋಡಬೇಕು. ರಾಣೆಬೆನ್ನೂರಿನ ಗ್ಯಾರೇಜೊಂದರಲ್ಲಿ ಕಂಪ್ರೆಷನ್ ಅಳೆಸಿದನು. ಸಿಲಿಂಡರಿಗೆ ಚಮಚದಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆದರೂ ಅಂಕಿ ಏರಲಿಲ್ಲ, ರಿಂಗು ಸವೆದಿದ್ದರೆ ಏರಬೇಕಿತ್ತು. ಕೆಟ್ಟಿದ್ದು ತಲೆಯ ಭಾಗ ಮಾತ್ರ. ಕವಾಟಗಳನ್ನು ಉಜ್ಜಿಸಿ ಸೀಲು ಬದಲಿಸಿ, ಬಿಸಿ ಪ್ರದೇಶಕ್ಕೆ ಆ ಕೈಪಿಡಿಯ ಕೋಷ್ಟಕವೇ ಒಪ್ಪಿದ್ದ ಒಂದು ದರ್ಜೆ ಮೇಲಿನ 10ಡಬ್ಲ್ಯು-40 ಹಾಕಿಸಿದನು. ಕಳೆದ ಹಂಗಾಮಿನಲ್ಲಿ ಪೇಟೆಯ ಸೋಮವಾರ, ಗುರುವಾರಗಳಂದು ಅದೇ ಕಾರಿನಲ್ಲಿ ಮೋಟೆಬೆನ್ನೂರಿನ ಮೇಲೆ ಓಡಾಡುತ್ತಿದ್ದನು.