ಒಬ್ಬನೇ ಸೂರ್ಯ, ಓರೆ ನೆರಳು

ಫ್ರೆಂಡ್ಸ್, ಸ್ವೈಪ್ ಮಾಡೋ ಮೊದಲು ಈ ಫೋಟೋನ ಒಂದು ನಿಮಿಷ ಸರಿಯಾಗಿ ನೋಡಿ. 1971ರ ಫೆಬ್ರವರಿ, ಅಪೊಲೊ 14. ದೂರದಲ್ಲಿ ಚಂದ್ರನ ಮೇಲೆ ಇಳಿದ ನೌಕೆ, ಹತ್ತಿರದಲ್ಲಿ ಒಂದಷ್ಟು ಕಲ್ಲು. ನೌಕೆಯ ನೆರಳು ಹೆಚ್ಚುಕಡಿಮೆ ಅಡ್ಡಕ್ಕೆ ಬಿದ್ದಿದೆ. ಕಲ್ಲುಗಳ ನೆರಳು ಮಾತ್ರ ಓರೆ.

"ಸೂರ್ಯ ಒಬ್ಬನೇ ಆದ್ರೆ ನೆರಳು ಎರಡು ದಿಕ್ಕಿಗೆ ಯಾಕೆ? ಇದು ಸ್ಟುಡಿಯೋ ಲೈಟು!" ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಈ ಅನುಮಾನ ಹಳೇದು. ಯಾರೂ ಚಂದ್ರನಿಗೆ ಹೋಗಲೇ ಇಲ್ಲ ಅಂತ ಬಿಲ್ ಕೇಸಿಂಗ್ ಎಂಬ ಅಮೆರಿಕನ್ 1976ರಲ್ಲೇ ಪುಸ್ತಕ ಬರೆದಿದ್ದ. ನೆರಳಿನ ವಾದ ಮನೆಮನೆಗೆ ತಲುಪಿದ್ದು 2001ರಲ್ಲಿ, ಅಲ್ಲಿನ ಫಾಕ್ಸ್ ಟಿವಿಯ ಒಂದು ಕಾರ್ಯಕ್ರಮದಿಂದ.

ಕೇಳಿದ್ದು ಒಳ್ಳೇ ಪ್ರಶ್ನೆನೇ. ಹಾಗಾದ್ರೆ ಉತ್ತರ ಹುಡುಕೋಣ.

ಮೊದಲು ಲೈಟಿನ ಲೆಕ್ಕ. ರಾತ್ರಿ ಕ್ರಿಕೆಟ್ ಮ್ಯಾಚಿನಲ್ಲಿ ಆಟಗಾರನ ಕಾಲ ಬಳಿ ನೋಡಿ. ಸುತ್ತಲೂ ಫ್ಲಡ್‌ಲೈಟ್ ಇರೋದ್ರಿಂದ ಒಬ್ಬನಿಗೇ ಮೂರು ನಾಲ್ಕು ನೆರಳು. ಎರಡು ಲೈಟ್ ಇದ್ದಿದ್ರೆ ಚಂದ್ರನ ಮೇಲಿನ ಪ್ರತಿ ಕಲ್ಲಿಗೂ ಎರಡೆರಡು ನೆರಳು ಕಾಣಬೇಕಿತ್ತು. ಎಣಿಸಿ ನೋಡಿ, ಒಂದೊಂದೇ ಇದೆ.

ಹಾಗಾದ್ರೆ ಓರೆ ಯಾಕೆ? ಒಂದು ಕಾರಣ ನೆಲ. ತಗ್ಗಿಗೆ ಬಿದ್ದ ನೆರಳು ಇಳೀತದೆ, ದಿಬ್ಬಕ್ಕೆ ಬಿದ್ದದ್ದು ಹತ್ತುತ್ತದೆ. ಪಕ್ಕದಿಂದ ನೋಡೋವರಿಗೆ ಅದು ದಿಕ್ಕು ಬದಲಿಸಿದ ಹಾಗೇ ಕಾಣ್ತದೆ. ಅಪೊಲೊ ನೌಕೆಗಳು ಇಳಿದದ್ದು ಚಂದ್ರನ ಬೆಳಗಿನ ಹೊತ್ತು. ಸೂರ್ಯ ಇನ್ನೂ ಕೆಳಗಿದ್ದ, ನೆರಳು ಉದ್ದ. ನೆರಳು ಉದ್ದ ಆದಷ್ಟೂ ನೆಲದ ಏರಿಳಿತ ಎದ್ದು ಕಾಣ್ತದೆ.

ಇನ್ನೊಂದು ಕಾರಣ ಕ್ಯಾಮೆರಾ ನಿಂತ ಜಾಗ. ರೈಲು ಹಳಿಗಳು ದೂರದಲ್ಲಿ ಕೂಡಿದ ಹಾಗೆ ಕಾಣ್ತಾವಲ್ಲ, ನಿಜಕ್ಕೂ ಕೂಡ್ತಾವಾ? ಇಟಲಿಯ ಆಲ್ಬರ್ಟಿ ಈ ನೋಟದ ನಿಯಮವನ್ನ ಚಿತ್ರಕಾರರಿಗಾಗಿ 1435ರಲ್ಲೇ ಬರೆದಿಟ್ಟಿದ್ದ. ಮೂರು ಆಯಾಮದ ಜಗತ್ತನ್ನ ಚಪ್ಪಟೆ ಚಿತ್ರಕ್ಕೆ ಇಳಿಸಿದಾಗ, ನಮ್ಮಿಂದ ದೂರಕ್ಕೆ ಹೋಗೋ ಸಮಾನಾಂತರ ಗೆರೆಗಳು ಒಂದು ಬಿಂದುವಿನ ಕಡೆ ಬಾಗ್ತಾವೆ. ನೆರಳಿಗೂ ಅದೇ ನಿಯಮ.

2008ರಲ್ಲಿ ಮಿಥ್‌ಬಸ್ಟರ್ಸ್ ತಂಡ ಇದೇ ಅಪೊಲೊ 14ರ ದೃಶ್ಯದ ಪುಟ್ಟ ಮಾದರಿ ಕಟ್ಟಿತು. ಏರುತಗ್ಗಿನ ನೆಲ, ಒಂದೇ ಒಂದು ಲೈಟ್. ಬಂದದ್ದು ಅದೇ ಓರೆ ನೆರಳು.

ನೀವೂ ಮಾಡಿ ನೋಡಬಹುದು. ಸಂಜೆ ಐದರ ಮೇಲೆ ಮೈದಾನದಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ನಿಮ್ಮ ಎಡಕ್ಕೊಬ್ಬರು, ಬಲಕ್ಕೊಬ್ಬರು ಗೆಳೆಯರು ಸ್ವಲ್ಪ ಮುಂದೆ ನಿಲ್ಲಲಿ. ಫೋಟೋ ತೆಗೀರಿ. ಇಬ್ಬರ ನೆರಳೂ ನಿಮ್ಮ ನೆರಳಿನ ತಲೆಯ ಕಡೆಗೇ ವಾಲಿರ್ತದೆ. ಆಮೇಲೆ ಮೂರನೇ ಮಹಡಿಗೆ ಹತ್ತಿ ಅದೇ ನೆರಳುಗಳನ್ನ ಕೆಳಗೆ ನೋಡಿ. ವಾಲಿದ್ದು ಬಹಳಷ್ಟು ನೆಟ್ಟಗಾಗಿರ್ತದೆ.

ಚಂದ್ರನಿಗೂ ಅಂಥ ಒಂದು "ಮಹಡಿ" ಸಿಕ್ಕಿದೆ. 2009ರಿಂದ ನಾಸಾದ ಎಲ್‌ಆರ್‌ಒ ನೌಕೆ ಮೇಲಿಂದ ಫೋಟೋ ತೆಗೀತಾ ಇದೆ. ಅಪೊಲೊ ನೌಕೆಗಳ ಕೆಳಭಾಗ ಇನ್ನೂ ಅಲ್ಲೇ ನಿಂತಿದೆ, ಪ್ರತಿಯೊಂದಕ್ಕೂ ಒಂದೇ ನೆರಳು.

1969ರಿಂದ 1972ರವರೆಗೆ 12 ಜನ ಅಲ್ಲಿ ನಡೆದರು. ಅವರನ್ನೆಲ್ಲ ಸುಳ್ಳುಗಾರರು ಅನ್ನೋಕೆ ಒಂದು ಓರೆ ನೆರಳು ಸಾಕಾಗಲ್ಲ. ಹಳೇ ಫೋಟೋ ಯಾವುದೇ ಕೈಗೆ ಬರಲಿ, "ಇದು ನಿಜವಾ?" ಅಂತ ಕೇಳೋಕೆ ಮುಂಚೆ "ಎಲ್ಲಿ ನಿಂತು ತೆಗೆದದ್ದು?" ಅಂತ ಕೇಳಿ.

ನಿಮ್ಮ ಸಂಜೆ ಫೋಟೋಗೆ ನನ್ನನ್ನ ಟ್ಯಾಗ್ ಮಾಡೋದು ಮರೀಬೇಡಿ!