ಮಾಸ್ಕ್ ವೆಂಟಿಲೇಷನ್‌ನಲ್ಲಿ ಮಂಪರು ಔಷಧಗಳ ಬಳಕೆ: ಇತಿಹಾಸ

ಗಂಟಲಿಗೆ ಕೊಳವೆ ಇಳಿಸದೆ, ಮೂಗುಬಾಯಿ ಮುಚ್ಚುವ ಬಿಗಿ ಮಾಸ್ಕಿನ ಮೂಲಕ ವೆಂಟಿಲೇಟರಿನ ಗಾಳಿ ಪಡೆಯುತ್ತಿರುವ ರೋಗಿಗೆ ಮಂಪರು ಔಷಧ ಕೊಡಬೇಕೇ ಬೇಡವೇ ಎಂಬುದು ತೀವ್ರ ನಿಗಾ ಘಟಕಗಳಲ್ಲಿ ಇಂದಿಗೂ ಪೂರ್ತಿ ಇತ್ಯರ್ಥವಾಗದ ವಿಷಯ. ಕೊಳವೆ ಹಾಕಿದ ರೋಗಿಯ ಉಸಿರನ್ನು ಯಂತ್ರವೇ ನಡೆಸಬಲ್ಲದು. ಅವನು ಗಾಢನಿದ್ರೆಗೆ ಜಾರಿದರೂ ಗಾಳಿ ನಿಲ್ಲದು. ಮಾಸ್ಕಿನಲ್ಲಿ ಆ ಖಾತರಿಯಿಲ್ಲ. ಇಲ್ಲಿ ಯಂತ್ರ ರೋಗಿಯ ಉಸಿರಿಗೆ ಒತ್ತಾಸೆ ಮಾತ್ರ. ಕೆಮ್ಮಿ ಕಫ ತೆಗೆಯುವುದು, ವಾಂತಿಯಾದರೆ ಮಾಸ್ಕ್ ಕಿತ್ತುಹಾಕುವುದು, ಗಂಟಲ ದಾರಿ ತೆರೆದಿಟ್ಟುಕೊಳ್ಳುವುದು ಎಲ್ಲವೂ ಅವನದೇ ಕೆಲಸ.

ಮಾಸ್ಕ್ ಸಹಿಸುವುದು ಸುಲಭವಲ್ಲ. ಪಟ್ಟಿ ಬಿಗಿಯಾದರೆ ಮೂಗಿನ ಮೂಳೆಯ ಮೇಲಿನ ಚರ್ಮ ಕೆಂಪಗಾಗಿ ಹುಣ್ಣಾಗುತ್ತದೆ. ಸಡಿಲವಾದರೆ ಅಂಚಿನಿಂದ ನುಸುಳಿದ ಗಾಳಿ ಕಣ್ಣಿಗೆ ಬಡಿಯುತ್ತದೆ. ಬಾಯಿ ಒಣಗುತ್ತದೆ, ಹೊಟ್ಟೆಗೆ ಗಾಳಿ ತುಂಬುತ್ತದೆ. ಮೊದಲೇ ಉಸಿರು ಸಾಲದೆ ಒದ್ದಾಡುವವನಿಗೆ ಮುಖವನ್ನೇ ಮುಚ್ಚಿದರೆ ಉಸಿರು ಕಟ್ಟಿದ ಭಯವಾಗುವುದು ಸಹಜ. ತೊಡಕೆಂದರೆ, ಇದೇ ಚಡಪಡಿಕೆ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿರುವುದರ ಅಥವಾ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದರ ಲಕ್ಷಣವೂ ಆಗಿರಬಹುದು. ಹಾಗಿದ್ದಾಗ ಮಂಪರು ಕೊಟ್ಟರೆ ಲಕ್ಷಣ ಮರೆಯಾಗುತ್ತದೆ, ಕಾಯಿಲೆ ಮುಂದುವರಿಯುತ್ತದೆ.

ಮಾಸ್ಕಿನಿಂದ ಒತ್ತಡದ ಗಾಳಿ ಕೊಡುವ ಪದ್ಧತಿ ಸಾಕಷ್ಟು ಹಳೆಯದು. ಲಂಡನ್ನಿನ ಗೈಸ್ ಆಸ್ಪತ್ರೆಯ ಪೌಲ್ಟನ್ 1936ರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಗಾಳಿಯನ್ನೇ ಬಳಸಿ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಚಿಕಿತ್ಸೆ ಕೊಟ್ಟ ವರದಿ ಪ್ರಕಟಿಸಿದರು. ನ್ಯೂಯಾರ್ಕಿನಲ್ಲಿ ಆಲ್ವನ್ ಬರಾಕ್ ಅದೇ ದಶಕದಲ್ಲಿ ಇಂಥದೇ ಪ್ರಯೋಗಗಳನ್ನು ಮಾಡಿದರು. ಇಂಥ ರೋಗಿಗಳ ಉಬ್ಬಸಕ್ಕೆ ಮಾರ್ಫಿನ್ ಚುಚ್ಚುವುದು ಆಗಲೇ ರೂಢಿಯಲ್ಲಿತ್ತು.

ದಾರಿ ಬದಲಾದದ್ದು 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ. ಆ ಆಗಸ್ಟ್ 27ರಂದು ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಬಾಲಕಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಹಾಕಿ, ಕೈಯಿಂದ ಚೀಲ ಹಿಸುಕಿ ಗಾಳಿ ಕೊಡಲು ಹೊರಟರು. ಕಫ ಕಟ್ಟಿ ಕಂಗಾಲಾಗಿದ್ದ ಹುಡುಗಿ ಕೊಸರಾಡುತ್ತಿದ್ದುದರಿಂದ ಗಾಳಿ ಒಳಹೋಗಲೇ ಇಲ್ಲ. ನೋಡಲು ಸೇರಿದ್ದ ವೈದ್ಯರು ಕೈಬಿಡುವ ಹಂತದಲ್ಲಿದ್ದಾಗ ಇಬ್ಸೆನ್ ಥಯೋಪೆಂಟಾಲ್ ಚುಚ್ಚಿದರು. ಅವಳ ಕೊಸರಾಟದ ಜೊತೆಗೆ ಸ್ವಂತ ಉಸಿರಾಟವೂ ನಿಂತಿತು. ಚೀಲದ ಗಾಳಿ ಸರಾಗವಾಗಿ ಹೋಯಿತು, ಹುಡುಗಿ ಬದುಕಿದಳು. ತೀವ್ರ ನಿಗಾ ವೈದ್ಯಶಾಸ್ತ್ರದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸಲಾಗುತ್ತದೆ. ಮಂಪರಿನ ಇತಿಹಾಸಕ್ಕೂ ಇದು ಅಷ್ಟೇ ಮುಖ್ಯ: ರೋಗಿಯ ಪ್ರತಿರೋಧವನ್ನು ಔಷಧದಿಂದ ಅಡಗಿಸಿ ಉಸಿರಿನ ಹೊಣೆಯನ್ನು ಹೊರಗಿನವರು ಹೊರುವ ಪದ್ಧತಿ ಮುಂದಿನ ದಶಕಗಳಲ್ಲಿ ಐಸಿಯುಗಳ ವಾಡಿಕೆಯಾಯಿತು. ಕೊಳವೆ ಇದ್ದಲ್ಲಿ ಇದು ನಡೆಯುತ್ತದೆ.

ಮಾಸ್ಕ್ ಮರಳಿ ಬಂದದ್ದು ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯ ಮೂಲಕ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಮೂಗಿನ ಮಾಸ್ಕಿನಿಂದ ಸತತ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ವಿಧಾನವನ್ನು ವಿವರಿಸಿದರು. ಅದೇ ದಶಕದ ಕೊನೆಗೆ ಮಾಸ್ಕ್ ತೀವ್ರ ಉಸಿರಾಟ ವೈಫಲ್ಯಕ್ಕೂ ಬಳಕೆಯಾಗತೊಡಗಿತು. ಬ್ರೊಷಾರ್ ಮತ್ತು ಸಂಗಡಿಗರ 1995ರ ಅಧ್ಯಯನದಲ್ಲಿ 85 ಮಂದಿ ಸಿಒಪಿಡಿ (ಶ್ವಾಸನಾಳಗಳ ದೀರ್ಘಕಾಲದ ಅಡಚಣೆಯ ಕಾಯಿಲೆ) ರೋಗಿಗಳಿದ್ದರು. ಕೊಳವೆ ಬೇಕಾದವರ ಪ್ರಮಾಣ ಮಾಸ್ಕಿನಿಂದ ಶೇ 74ರಿಂದ ಶೇ 26ಕ್ಕೆ ಇಳಿಯಿತು. ಗಾಢ ಮಂಪರಿಲ್ಲದೆ ರೋಗಿ ಮಾತಾಡಿಕೊಂಡು, ನೀರು ಕುಡಿದುಕೊಂಡು ಇರಬಹುದೆಂಬುದೇ ಈ ವಿಧಾನದ ದೊಡ್ಡ ಲಾಭವೆಂದು ಎಣಿಸಲಾಗಿತ್ತು. ಹೀಗಾಗಿ ಮಂಪರನ್ನು ದೂರವಿಡುವುದೇ ಬೋಧನೆಯ ಸಾರವಾಯಿತು. ಕಡಿಮೆ ಒತ್ತಡದಿಂದ ಶುರುಮಾಡುವುದು, ಪಟ್ಟಿ ಕಟ್ಟುವ ಮೊದಲು ನರ್ಸ್ ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದು ಧೈರ್ಯ ಹೇಳುವುದು, ಅಳತೆ ಬದಲಿಸಿ ನೋಡುವುದು ಇವೇ ಉಪಾಯಗಳು. ಇಂದಿಗೂ ಔಷಧಕ್ಕಿಂತ ಮೊದಲು ಮಾಡಬೇಕಾದದ್ದು ಇದನ್ನೇ.

ಆದರೂ ಮಾಸ್ಕ್ ತಾಳಲಾರದೆ ಕೊಳವೆಗೆ ಹೋಗುವವರು ಉಳಿದೇ ಇದ್ದರು. ಅವರಿಗಾಗಿ ಕೈಗೆ ಸಿಗುತ್ತಿದ್ದ ಔಷಧಗಳಲ್ಲಿ ಒಂದೊಂದಕ್ಕೂ ಒಂದೊಂದು ದೋಷ. ಮಿಡಜೋಲಾಮ್‌ನಂಥ ಬೆಂಜೋಡಯಾಜೆಪೀನ್‌ಗಳು ಗಂಟಲ ಸ್ನಾಯುಗಳನ್ನು ಸಡಿಲಿಸುತ್ತವೆ, ಸನ್ನಿ ಹೆಚ್ಚಿಸುತ್ತವೆ. ಮಾರ್ಫಿನ್ ಬಳಗದವು ಉಸಿರಿನ ವೇಗ ತಗ್ಗಿಸುತ್ತವೆ. ಪ್ರೊಪೊಫಾಲ್ ಬೇಗ ಇಳಿಯುತ್ತದೆ. ಆದರೆ ತುಸು ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರ ಅಮೆರಿಕದ ವೈದ್ಯರು ಬೆಂಜೋಡಯಾಜೆಪೀನ್‌ ಕಡೆಗೆ, ಯುರೋಪಿನವರು ಮಾರ್ಫಿನ್ ಬಳಗದ ಕಡೆಗೆ ವಾಲಿದ್ದು ಕಂಡುಬಂತು. ಪುರಾವೆಗಿಂತ ಅಭ್ಯಾಸವೇ ಆಯ್ಕೆಯನ್ನು ನಿರ್ಧರಿಸುತ್ತಿತ್ತೆನ್ನಬಹುದು. ನಿಮಿಷಗಳಲ್ಲೇ ಕರಗಿಹೋಗುವ ರೆಮಿಫೆಂಟನಿಲ್ ಮೇಲೆ ಫ್ರಾನ್ಸ್, ಇಟಲಿಗಳಲ್ಲಿ ಸಣ್ಣ ಪ್ರಯೋಗಗಳು ನಡೆದವು.

ಹೊಸ ಭರವಸೆ ಹುಟ್ಟಿಸಿದ್ದು ಡೆಕ್ಸ್‌ಮೆಡಿಟೊಮಿಡಿನ್. ಫಿನ್ಲೆಂಡಿನ ಓರಿಯನ್ ಕಂಪನಿಯ ಈ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಕೊಟ್ಟ ಅನುಮತಿ ಕೊಳವೆ ಹಾಕಿದ ರೋಗಿಗಳಿಗೆ, ಅದೂ 24 ಗಂಟೆಗಳ ಮಿತಿಗೆ. ಇದು ಮಿದುಳುಕಾಂಡದ ಎಚ್ಚರದ ಕೇಂದ್ರವೊಂದನ್ನು ತಣ್ಣಗಾಗಿಸಿ ಸಹಜ ನಿದ್ರೆಯನ್ನು ಹೋಲುವ ಸ್ಥಿತಿ ತರುತ್ತದೆ. ಹೆಸರು ಹಿಡಿದು ಕರೆದರೆ ರೋಗಿ ಕಣ್ಣು ಬಿಡುತ್ತಾನೆ, ಹೇಳಿದ್ದು ಮಾಡುತ್ತಾನೆ, ಮತ್ತೆ ತೂಕಡಿಸುತ್ತಾನೆ. ಉಸಿರಾಟದ ಪ್ರಚೋದನೆ ಹೆಚ್ಚು ಕುಗ್ಗುವುದಿಲ್ಲ. ತೆರಬೇಕಾದ ಬೆಲೆ ಹೃದಯಬಡಿತ ನಿಧಾನವಾಗುವುದು ಮತ್ತು ರಕ್ತದೊತ್ತಡ ಇಳಿಯುವುದು. ಈ ಕಾರಣಕ್ಕೆ ಮಾಸ್ಕಿನ ರೋಗಿಗಳಲ್ಲಿ ಮೊದಲ ದೊಡ್ಡ ಡೋಸನ್ನು ಬಿಟ್ಟು ಸಣ್ಣ ಪ್ರಮಾಣದ ಡ್ರಿಪ್‌ನಿಂದಲೇ ಆರಂಭಿಸುವವರು ಹೆಚ್ಚು.

ಫಲಿತಾಂಶಗಳು ಒಂದೇ ತೆರನಾಗಿಲ್ಲ. 2014ರಲ್ಲಿ 33 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮಾಸ್ಕ್ ಹಾಕಿದ ಆರಂಭದಲ್ಲೇ ಎಲ್ಲರಿಗೂ ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟದ್ದರಿಂದ ಮಾಸ್ಕ್ ಸಹಿಸುವ ಶಕ್ತಿ ಹೆಚ್ಚಲಿಲ್ಲ. 842 ರೋಗಿಗಳ ದಾಖಲೆ ನೋಡಿದ 2015ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರು ನೋವುನಿವಾರಕ ಇಲ್ಲವೇ ಮಂಪರು ಪಡೆದಿದ್ದರು. ಎರಡನ್ನೂ ಒಟ್ಟಿಗೆ ಪಡೆದವರಲ್ಲಿ ಮಾಸ್ಕ್ ಸೋತದ್ದು ಹೆಚ್ಚು. ಆದರೆ ಹೆಚ್ಚು ಕಾಯಿಲೆಯವರಿಗೇ ಹೆಚ್ಚು ಔಷಧ ಸಂದಿರಬಹುದಾದ್ದರಿಂದ ತಪ್ಪನ್ನು ಔಷಧದ ಮೇಲೇ ಹೊರಿಸಲಾಗದು. 2021ರಲ್ಲಿ 12 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಡೆಕ್ಸ್‌ಮೆಡಿಟೊಮಿಡಿನ್‌ನಿಂದ ಸನ್ನಿಯೂ ಕೊಳವೆಯ ಅಗತ್ಯವೂ ಕಡಿಮೆಯಾಗುತ್ತವೆಂದಿತು.

ಕೋವಿಡ್ ಕಾಲದಲ್ಲಿ ಮಾಸ್ಕ್ ವೆಂಟಿಲೇಷನ್ ಯಂತ್ರದ ಬೈಪ್ಯಾಪ್ ಎಂಬ ಹೆಸರು ಕನ್ನಡ ಪತ್ರಿಕೆಗಳ ಓದುಗರಿಗೂ ಪರಿಚಿತವಾಯಿತು. ಐಸಿಯು ಹಾಸಿಗೆ ಸಾಲದೆ ಸಾಮಾನ್ಯ ವಾರ್ಡುಗಳಲ್ಲೂ ಯಂತ್ರಗಳನ್ನಿಟ್ಟಾಗ, ಸದಾ ಕಣ್ಣಿಡುವವರಿಲ್ಲದ ಜಾಗದಲ್ಲಿ ಮಂಪರು ಎಷ್ಟು ಅಪಾಯಕಾರಿಯೆಂಬ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2016ರ ಮಾರ್ಗಸೂಚಿ ಈ ವಿಷಯದಲ್ಲಿ ಖಚಿತವಾಗಿದೆ: ಡ್ರಿಪ್ ಮೂಲಕ ಕೊಡುವ ಮಂಪರು ಐಸಿಯು ಅಥವಾ ಅದಕ್ಕೆ ಹತ್ತಿರದ ಘಟಕಗಳಲ್ಲಿ ಮಾತ್ರ, ನಿಕಟ ನಿಗಾದಲ್ಲಿ. ಮಾಸ್ಕ್ ಸೋತರೂ ಕೊಳವೆ ಹಾಕುವುದಿಲ್ಲವೆಂದು ಮೊದಲೇ ತೀರ್ಮಾನವಾದ ರೋಗಿಗಳ ಬಗ್ಗೆ ಅದೇ ಮಾರ್ಗಸೂಚಿಯ ಮಾತು ಬೇರೆ. ಅಂಥವರು ಸಂಕಟಪಡುತ್ತಿದ್ದರೆ ಉಪಶಮನಕ್ಕಾಗಿ ಮಂಪರು ಕೊಡುವುದೇ ಸರಿಯೆಂದು ಅದು ಹೇಳುತ್ತದೆ.